ಉಪ್ಪುಗಾಳಿಯಲ್ಲಿ ಯಂತ್ರಪೆಟ್ಟಿಗೆಗಳ ತಂಪು: ಶೋಳಿಂಗನಲ್ಲೂರಿನ ನೆಲೆಯಲ್ಲಿ ಫ್ಯಾನಿನ ಆಯ್ಕೆ ಮತ್ತು ನಿಯಂತ್ರಣ

ಚೆನ್ನೈ ನಗರದಿಂದ ದಕ್ಷಿಣಕ್ಕೆ ಹಳೆಯ ಮಹಾಬಲಿಪುರಂ ರಸ್ತೆಯನ್ನು ಹಿಡಿದು ಹೋದರೆ ಸಿಗುವ ಶೋಳಿಂಗನಲ್ಲೂರು, ಉದ್ಯೋಗಾರ್ಥವಾಗಿ ನಾಡನ್ನು ಬಿಟ್ಟು ಬಂದ ಎಷ್ಟೋ ಕನ್ನಡಿಗರಿಗೆ ಪರಿಚಿತವಾದ ಹೆಸರು. ರಸ್ತೆಗೆ ಈಗ ರಾಜೀವಗಾಂಧಿ ಸಾಲೈ ಎಂಬ ಹೆಸರಿದ್ದರೂ ಜನರ ಬಾಯಲ್ಲಿ ಹಳೆಯದೇ ನಿಂತಿದೆ. ಊರಿನ ಪೂರ್ವಕ್ಕೆ ಬಕಿಂಗ್‌ಹ್ಯಾಮ್ ಕಾಲುವೆ, ಅದರಾಚೆ ಎರಡು ಮೂರು ಕಿಲೋಮೀಟರುಗಳಲ್ಲಿ ಬಂಗಾಳ ಕೊಲ್ಲಿ. ವಾಯವ್ಯಕ್ಕೆ ೨೦೨೨ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದ ಪಳ್ಳಿಕ್ಕರಣೈ ಜೌಗು ಪ್ರದೇಶ. ಎರಡು ನೀರುಗಳ ನಡುವಣ ಈ ನೆಲದ ಮೇಲೆ ಎಲ್ಕಾಟ್ ಸಂಸ್ಥೆಯ ವಿಶೇಷ ಆರ್ಥಿಕ ವಲಯವೂ ಗಾಜಿನ ಗೋಡೆಯ ಕಚೇರಿಗಳೂ ಎದ್ದಿವೆ. ಆ ಕಟ್ಟಡಗಳ ಒಳಗೆ ತಂಪು ಹವೆಯಲ್ಲಿ ನಿಂತಿರುವ ಗಣಕಗಳ ಸುಖದುಃಖ ಒಂದು ಬಗೆಯದು. ಹೊರಗೆ ಬೀದಿಯ ಅಂಚಿನಲ್ಲಿ, ಮಾಳಿಗೆಯ ಮೇಲೆ, ಕಂಬದ ಬುಡದಲ್ಲಿ ಬಿಸಿಲು ಮಳೆಗಳಿಗೆ ಮೈಯೊಡ್ಡಿ ನಿಂತಿರುವ ದೂರವಾಣಿಯ ಕಪಾಟು, ಸಂಚಾರ ದೀಪದ ನಿಯಂತ್ರಣ ಪೆಟ್ಟಿಗೆ, ಸೌರ ವಿದ್ಯುತ್ತಿನ ಇನ್ವರ್ಟರು ಇವುಗಳದು ಬೇರೊಂದು ಬಗೆ. ಪ್ರಸ್ತುತ ಲೇಖನ ಮುಖ್ಯವಾಗಿ ಈ ಎರಡನೆಯ ಗುಂಪಿನ ವಿಚಾರವಾದುದು.

ಇಂಥ ಪೆಟ್ಟಿಗೆಗಳನ್ನು ತಂಪಾಗಿಡಲು ಸಾಮಾನ್ಯವಾಗಿ ಅನುಸರಿಸುವ ಮಾರ್ಗವೆಂದರೆ ಒಂದೆರಡು ಫ್ಯಾನುಗಳನ್ನು ಜೋಡಿಸಿ ಹೊರಗಿನ ಗಾಳಿಯನ್ನು ಒಳಗೆ ಹಾಯಿಸುವುದು. ಗಾಳಿ ಹೆಚ್ಚಿದಷ್ಟೂ ತಂಪು ಹೆಚ್ಚು, ತಂಪು ಹೆಚ್ಚಿದಷ್ಟೂ ಯಂತ್ರಕ್ಕೆ ಆಯುಸ್ಸು ಹೆಚ್ಚು ಎಂಬ ನಂಬಿಕೆಯಿಂದ, ಅಂಗಡಿಯಲ್ಲಿ ದೊರೆಯುವ ದೊಡ್ಡ ಫ್ಯಾನನ್ನೇ ತಂದು ಹಗಲಿರುಳು ಪೂರ್ಣ ವೇಗದಲ್ಲಿ ತಿರುಗಿಸುವುದುಂಟು. ರಾಯಚೂರಿನಲ್ಲೋ ಬಳ್ಳಾರಿಯಲ್ಲೋ ಈ ನಂಬಿಕೆಯಿಂದ ದೊಡ್ಡ ಹಾನಿಯೇನೂ ಆಗಲಾರದು. ಶೋಳಿಂಗನಲ್ಲೂರಿನಲ್ಲಿ ಮಾತ್ರ ಇದು ಅರ್ಧಸತ್ಯ. ಇಲ್ಲಿನ ಗಾಳಿ ಶಾಖವನ್ನು ಹೊತ್ತೊಯ್ಯುವಂತೆಯೇ ಉಪ್ಪನ್ನೂ ತೇವವನ್ನೂ ಹೊತ್ತು ತರುತ್ತದೆ. ಆದುದರಿಂದ ಇಲ್ಲಿ ಕೇಳಬೇಕಾದ ಪ್ರಶ್ನೆ, ಎಷ್ಟು ಗಾಳಿಯನ್ನು ಊದಬಹುದು ಎಂಬುದಲ್ಲ. ಎಷ್ಟು ಕಡಮೆ ಗಾಳಿಯಿಂದ ಕೆಲಸ ಸಾಗೀತು ಎಂಬುದು. ಫ್ಯಾನಿನ ಆಯ್ಕೆಯೂ ಅದರ ನಿಯಂತ್ರಣವೂ ಈ ಪ್ರಶ್ನೆಯ ಸುತ್ತಲೇ ತಿರುಗಬೇಕು.

ಮೊದಲು ಫ್ಯಾನು ಬೇಕೇ ಎಂಬುದನ್ನು ವಿಚಾರಿಸುವುದು ಒಳ್ಳೆಯದು. ಈ ವಿಷಯದಲ್ಲಿ ಕನ್ನಡ ನಾಡಿನದೇ ಒಂದು ನಿದರ್ಶನವಿದೆ. ೧೯೮೪ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ಗ್ರಾಮಗಳಿಗಾಗಿ ನಿರ್ಮಿಸಿದ ಸ್ವಯಂಚಾಲಿತ ದೂರವಾಣಿ ವಿನಿಮಯ ಕೇಂದ್ರಗಳಲ್ಲಿ ಮೊದಲನೆಯದು ೧೯೮೬ರಲ್ಲಿ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿತು. ಅದರ ದೊಡ್ಡ ಗುಣವೆಂದು ಹೇಳಲಾದುದು, ಹವಾನಿಯಂತ್ರಣವಿಲ್ಲದೆಯೇ ನಮ್ಮ ದೇಶದ ಸೆಕೆ ಧೂಳುಗಳನ್ನು ಅದು ತಡೆದು ನಿಲ್ಲುತ್ತದೆ ಎಂಬುದು. ಹುಟ್ಟಿದ ಶಾಖವನ್ನು ಹೊರಹಾಕುವುದಕ್ಕಿಂತ ಶಾಖವನ್ನೇ ಕಡಮೆ ಹುಟ್ಟಿಸುವುದು ಮೇಲು ಎಂಬ ವಿವೇಕ ಅದರಲ್ಲಿತ್ತು. ವಿನ್ಯಾಸಕಾರನ ಮೊದಲ ಕರ್ತವ್ಯ ಇಂದಿಗೂ ಇದೇ. ಆದರೆ ಪೆಟ್ಟಿಗೆಯೊಳಗಿನ ಉಪಕರಣ ಬೇರೆಯವರು ತಯಾರಿಸಿದ್ದಾಗಿ, ಅದರ ವಿದ್ಯುತ್ ವ್ಯಯ ಬದಲಾಗದ್ದಾಗಿ ಇರುವುದೇ ಹೆಚ್ಚು. ಆಗ ಲೆಕ್ಕವನ್ನು ಅಲ್ಲಿಂದಲೇ ಹಿಡಿಯಬೇಕಾಗುತ್ತದೆ.

ಒಂದು ಬೀದಿಯ ಕಪಾಟಿನಲ್ಲಿ ೩೦೦ ವಾಟ್ ವಿದ್ಯುತ್ತು ವ್ಯಯವಾಗುತ್ತಿದೆ ಎಂದಿಟ್ಟುಕೊಳ್ಳಬಹುದು. ಹೊರಗೆ ಕಳುಹಿಸುವ ಅಲ್ಪಸ್ವಲ್ಪ ಸಂಕೇತಶಕ್ತಿಯನ್ನು ಬಿಟ್ಟರೆ ಅಷ್ಟೂ ಕೊನೆಗೆ ಶಾಖವಾಗಿ ಪರಿಣಮಿಸುತ್ತದೆ. ಬಣ್ಣ ಬಳಿದ ಉಕ್ಕಿನ ತಗಡಿನ ಗೋಡೆಯು, ಒಳಗೂ ಹೊರಗೂ ಒಂದು ಡಿಗ್ರಿ ಅಂತರವಿದ್ದಾಗ ಪ್ರತಿಯೊಂದು ಚದರ ಮೀಟರಿಗೆ ಸುಮಾರು ೫.೫ ವಾಟ್ ಶಾಖವನ್ನು ತಾನಾಗಿಯೇ ಹೊರಕ್ಕೆ ದಾಟಿಸುತ್ತದೆ. ಕಪಾಟಿಗೆ ಎರಡೂವರೆ ಚದರ ಮೀಟರು ಮೈಯಿದ್ದರೆ, ಫ್ಯಾನಿಲ್ಲದೆ ೩೦೦ ವಾಟ್ ಹೊರಹೋಗಬೇಕಾದರೆ ಒಳಗಿನ ಉಷ್ಣತೆ ಹೊರಗಿನದಕ್ಕಿಂತ ಸುಮಾರು ೨೨ ಡಿಗ್ರಿ ಹೆಚ್ಚಾಗಬೇಕು. ಚೆನ್ನೈಯ ನುಂಗಂಬಾಕ್ಕಂ ವೀಕ್ಷಣಾಲಯದಲ್ಲಿ ೨೦೦೩ರ ಮೇ ಕೊನೆಯಲ್ಲಿ ೪೫ ಡಿಗ್ರಿ ಸೆಂಟಿಗ್ರೇಡ್ ದಾಖಲಾಗಿತ್ತು. ಅಂಥ ದಿನ ಪೆಟ್ಟಿಗೆಯೊಳಗೆ ೬೭ ಡಿಗ್ರಿ! ಉಪಕರಣದ ತಯಾರಕರು ೫೫ ಡಿಗ್ರಿಯ ಮಿತಿಯನ್ನು ಹೇಳಿದ್ದರೆ, ಉಷ್ಣತೆಯ ಏರಿಕೆಗೆ ಉಳಿಯುವ ಅವಕಾಶ ಹತ್ತೇ ಡಿಗ್ರಿ. ಬಿಸಿಲಿನ ಹೊರೆ ಇದಕ್ಕೆ ಸೇರಿಲ್ಲ. ನೇರವಾಗಿ ಬೀಳುವ ನಡುಹಗಲಿನ ಬಿಸಿಲು ಚದರ ಮೀಟರಿಗೆ ಒಂದು ಕಿಲೋವಾಟಿನ ಸಮೀಪಕ್ಕೆ ಬರುವುದರಿಂದ, ಕಪ್ಪು ಅಥವಾ ಕಡುಹಸಿರು ಬಣ್ಣದ ಕಪಾಟು ತನ್ನ ಒಳಗಿನ ಯಂತ್ರಕ್ಕಿಂತ ಹೆಚ್ಚು ಶಾಖವನ್ನು ಸೂರ್ಯನಿಂದಲೇ ಪಡೆದೀತು. ಬಿಳಿಯ ಬಣ್ಣ, ಮೇಲೊಂದು ಎರಡನೆಯ ತಗಡಿನ ಚಾವಣಿ, ಅವೆರಡರ ನಡುವೆ ನಾಲ್ಕು ಬೆರಳಿನ ಗಾಳಿಯ ಸಂದು: ಇವುಗಳ ಖರ್ಚು ಅತ್ಯಲ್ಪ, ಇವು ತಿರುಗುವುದಿಲ್ಲ, ಸವೆಯುವುದೂ ಇಲ್ಲ. ಫ್ಯಾನಿನ ಅಂಗಡಿಗೆ ಹೋಗುವ ಮುನ್ನ ಬಣ್ಣದ ಅಂಗಡಿಗೆ ಹೋಗುವುದು ಲಾಭಕರ.

ಇನ್ನು ಗಾಳಿಯ ಪ್ರಮಾಣದ ವಿಚಾರ. ೪೦ ಡಿಗ್ರಿಯ ಆಸುಪಾಸಿನ ಒಂದು ಘನಮೀಟರು ಗಾಳಿಯನ್ನು ಒಂದು ಡಿಗ್ರಿ ಬಿಸಿಮಾಡಲು ಸಮುದ್ರಮಟ್ಟದಲ್ಲಿ ಸುಮಾರು ೧೧೩೦ ಜೂಲ್ ಶಾಖ ಬೇಕು. ೩೦೦ ವಾಟ್ ಎಂದರೆ ಸೆಕೆಂಡಿಗೆ ೩೦೦ ಜೂಲ್. ಹತ್ತು ಡಿಗ್ರಿಯ ಏರಿಕೆಗೆ ಒಪ್ಪುವುದಾದರೆ ಒಂದು ಘನಮೀಟರು ಗಾಳಿ ೧೧,೩೦೦ ಜೂಲನ್ನು ಹೊತ್ತು ಹೋಗುತ್ತದೆ. ಭಾಗಿಸಿದರೆ ಗಂಟೆಗೆ ಸುಮಾರು ೯೫ ಘನಮೀಟರು ಗಾಳಿ ಸಾಕೆಂದು ತಿಳಿಯುತ್ತದೆ. ಏರಿಕೆ ಐದೇ ಡಿಗ್ರಿಯಾಗಬೇಕೆಂದು ಹಟ ಹಿಡಿದರೆ ೧೯೦ ಬೇಕು. ಹದಿನೈದಕ್ಕೆ ಒಪ್ಪಿದರೆ ೬೪ ಸಾಕು. ಈ ಲೆಕ್ಕ ಒಂದು ಸಂಗತಿಯನ್ನು ಎತ್ತಿ ತೋರಿಸುತ್ತದೆ: ಮೊದಲ ಕೆಲವು ಡಿಗ್ರಿಗಳ ತಂಪು ಅಗ್ಗ, ಕೊನೆಯ ಕೆಲವು ಡಿಗ್ರಿಗಳ ತಂಪು ಬಲು ದುಬಾರಿ. ಎಷ್ಟು ದೊಡ್ಡ ಫ್ಯಾನನ್ನು ಇಟ್ಟರೂ ಪೆಟ್ಟಿಗೆಯ ಒಳಗು ಹೊರಗಿಗಿಂತ ತಂಪಾಗದು. ನೆರಳಿನಲ್ಲಿರುವ ಕಪಾಟಾದರೆ ಗೋಡೆಗಳೇ ಹತ್ತು ಡಿಗ್ರಿಗೆ ೧೩೭ ವಾಟನ್ನು ದಾಟಿಸುತ್ತವೆ; ಗಾಳಿಯ ಪಾಲಿಗೆ ಉಳಿಯುವುದು ೧೬೩ ವಾಟ್ ಮಾತ್ರ, ಬೇಕಾಗುವ ಗಾಳಿ ಗಂಟೆಗೆ ೫೨ ಘನಮೀಟರು. ಒಂದು ಚಾವಣಿ ಅರ್ಧದಷ್ಟು ಗಾಳಿಯನ್ನು ಉಳಿಸಿತು ಎಂದರ್ಥ.

ಬೆಂಗಳೂರಿನಲ್ಲಿ ತಯಾರಾಗಿ ಅಲ್ಲಿಯೇ ಪರೀಕ್ಷಿತವಾಗಿ ಚೆನ್ನೈಗೆ ಬರುವ ಉಪಕರಣಗಳ ವಿಷಯದಲ್ಲಿ ಒಂದು ಮಾತು ಹೇಳಬೇಕಾಗಿದೆ. ಬೆಂಗಳೂರು ಸಮುದ್ರಮಟ್ಟದಿಂದ ಒಂಬೈನೂರು ಮೀಟರುಗಳಿಗೂ ಮೇಲಿದೆ. ಅಲ್ಲಿನ ಗಾಳಿ ಹೆಚ್ಚುಕಡಿಮೆ ನೂರಕ್ಕೆ ಹತ್ತರಷ್ಟು ತೆಳು. ಫ್ಯಾನು ಎಲ್ಲಿ ತಿರುಗಿದರೂ ಅಷ್ಟೇ ಘನಮೀಟರುಗಳನ್ನು ಸಾಗಿಸುತ್ತದೆಯೇ ಹೊರತು ಅಷ್ಟೇ ತೂಕದ ಗಾಳಿಯನ್ನಲ್ಲ. ಆದುದರಿಂದ ಚೆನ್ನೈಯಲ್ಲಿ ಹತ್ತು ಡಿಗ್ರಿ ಏರುವ ಪೆಟ್ಟಿಗೆ ಬೆಂಗಳೂರಿನಲ್ಲಿ ಹನ್ನೊಂದು ಏರುತ್ತದೆ. ಅಲ್ಲಿ ಗೆದ್ದದ್ದು ಇಲ್ಲಿಯೂ ಗೆದ್ದೀತೆಂದು ಇದರಿಂದ ಊಹಿಸುವುದು ಸುಲಭ. ಆದರೆ ಹೊರಗಿನ ಉಷ್ಣತೆ ಇಲ್ಲಿ ಹಲವು ಡಿಗ್ರಿ ಹೆಚ್ಚು. ಮೇಲಾಗಿ ಬೆಂಗಳೂರಿನ ಪರೀಕ್ಷಾಶಾಲೆಯ ಗಾಳಿಯಲ್ಲಿ ಉಪ್ಪಿಲ್ಲ. ಪರೀಕ್ಷೆ ಸುಳ್ಳಲ್ಲ, ಕೇಳಿದ ಪ್ರಶ್ನೆಯೇ ಅಪೂರ್ಣವಾಗಿತ್ತು.

ಗಂಟೆಗೆ ೯೫ ಘನಮೀಟರು ಬೇಕೆಂದ ಕೂಡಲೇ, ೧೬೦ ಘನಮೀಟರೆಂದು ಬರೆದಿರುವ ೧೨೦ ಮಿಲಿಮೀಟರಿನ ಸಾಮಾನ್ಯ ಫ್ಯಾನು ಧಾರಾಳವಾಗಿ ಸಾಕೆಂದು ತೋರುತ್ತದೆ. ಇಲ್ಲಿಯೇ ಅನೇಕರು ಎಡವುವುದು. ತಯಾರಕರು ಬರೆಯುವ ಆ ಅಂಕಿ, ಹಿಂದೆ ಮುಂದೆ ಯಾವ ಅಡ್ಡಿಯೂ ಇಲ್ಲದ ಬಯಲಿನಲ್ಲಿ ಫ್ಯಾನು ಸಾಗಿಸುವ ಗಾಳಿ. ಪೆಟ್ಟಿಗೆಯಲ್ಲಿ ಗಾಳಿಯು ಜಾಲರಿಯನ್ನು ದಾಟಿ, ಫಿಲ್ಟರಿನ ಎಳೆಗಳ ನಡುವೆ ನುಸುಳಿ, ತಂತಿಗಳ ಕಂತೆಯನ್ನು ಸುತ್ತಿಕೊಂಡು, ಹಲಗೆಗಳ ಸಂದಿನಲ್ಲಿ ತೂರಿ ಹೊರಬೀಳಬೇಕು. ಈ ಅಡ್ಡಿಯನ್ನು ಮೀರಲು ಒತ್ತಡ ಬೇಕು. ಬೇಕಾದ ಒತ್ತಡವು ಗಾಳಿಯ ಪ್ರಮಾಣದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ, ಅಂದರೆ ಇಮ್ಮಡಿ ಗಾಳಿಗೆ ನಾಲ್ಮಡಿ ಒತ್ತಡ. ಫ್ಯಾನಿನ ಸ್ವಭಾವ ಇದಕ್ಕೆ ವಿರುದ್ಧ: ಒತ್ತಡ ಹೆಚ್ಚಿದಂತೆ ಅದು ಸಾಗಿಸುವ ಗಾಳಿ ಕುಗ್ಗುತ್ತ ಬಂದು ಒಂದು ಹಂತದಲ್ಲಿ ನಿಂತೇ ಹೋಗುತ್ತದೆ. ಕಾಗದದ ಮೇಲೆ ಒಂದು ಗೆರೆ ಏರುತ್ತದೆ, ಇನ್ನೊಂದು ಇಳಿಯುತ್ತದೆ. ಎರಡೂ ಕೂಡುವ ಬಿಂದುವಿನಲ್ಲಿಯೇ ಫ್ಯಾನು ಕೆಲಸ ಮಾಡುವುದು. ಫಿಲ್ಟರನ್ನು ಹಾಕಿದ ಪೆಟ್ಟಿಗೆಯಲ್ಲಿ ಆ ಬಿಂದು ಬಯಲಿನ ಅಂಕಿಯ ಅರ್ಧಕ್ಕೆ ಇಳಿಯುವುದು ಅಪರೂಪವಲ್ಲ. ಹಾಗಾದರೆ ೧೬೦ರ ಫ್ಯಾನು ಕೊಡುವುದು ೮೦. ಬೇಕಾದ ೯೫ಕ್ಕೆ ಅದು ಸಾಲದು.

ಇದರ ಮೇಲೆ ಧೂಳು. ಶೋಳಿಂಗನಲ್ಲೂರು ಚೆನ್ನೈ ಮೆಟ್ರೋ ರೈಲಿನ ಎರಡನೆಯ ಹಂತದ ಎರಡು ಮಾರ್ಗಗಳು ಕೂಡುವ ಸ್ಥಳವೆಂದು ಯೋಜಿತವಾಗಿದೆ. ಅಗೆತ ಕಟ್ಟಡಗಳ ಧೂಳೇನೆಂಬುದು ಆ ರಸ್ತೆಯಲ್ಲಿ ಓಡಾಡಿದವರಿಗೆ ಹೇಳಬೇಕಾದುದಿಲ್ಲ. ಹೊಸ ಫಿಲ್ಟರಿನೊಡನೆ ೯೫ ಘನಮೀಟರಿಗೆ ೨೦ ಪ್ಯಾಸ್ಕಲ್ ಒತ್ತಡ ಬೇಕಾಗಿದ್ದರೆ, ಕೆಲವು ತಿಂಗಳಲ್ಲಿ ಅದೇ ೪೦ ಆದೀತು. ಆದುದರಿಂದ ಫ್ಯಾನನ್ನು ಆರಿಸುವಾಗ ಕೊಳೆಯಾದ ಫಿಲ್ಟರಿನ ಲೆಕ್ಕವನ್ನೇ ಹಿಡಿಯಬೇಕು: ೪೦ ಪ್ಯಾಸ್ಕಲಿನ ಎದುರಿಗೂ ೯೫ ಘನಮೀಟರನ್ನು ಕೊಡಬಲ್ಲ ಫ್ಯಾನು ಬೇಕು. ಹಾಗೆ ಆರಿಸಿದ ಫ್ಯಾನು ಹೊಸ ಫಿಲ್ಟರಿನೊಡನೆ ಅಗತ್ಯಕ್ಕಿಂತ ಹೆಚ್ಚು ಗಾಳಿಯನ್ನು ತರುತ್ತದಷ್ಟೆ. ಆ ಹೆಚ್ಚುವರಿಯನ್ನು ಹಿಡಿದು ನಿಲ್ಲಿಸುವುದಕ್ಕೇ ನಿಯಂತ್ರಣ ಬೇಕಾಗಿರುವುದು. ಎರಡು ಫ್ಯಾನುಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಗಾಳಿ ಎರಡರಷ್ಟಾಗುತ್ತದೆಂಬುದೂ ಬಯಲಿಗೆ ಮಾತ್ರ ಸಲ್ಲುವ ಮಾತು. ಅಡ್ಡಿ ಹೆಚ್ಚಾಗಿರುವ ಪೆಟ್ಟಿಗೆಯಲ್ಲಿ ಎರಡನೆಯ ಫ್ಯಾನಿನಿಂದ ಸಿಗುವ ಲಾಭ ಸ್ವಲ್ಪವೇ. ಅಲ್ಲದೆ ಜೋಡಿಯಲ್ಲಿ ಒಂದು ಕೆಟ್ಟು ನಿಂತರೆ, ಇನ್ನೊಂದು ಒಳಗೆ ತಳ್ಳಿದ ಗಾಳಿ ಸತ್ತ ಫ್ಯಾನಿನ ಬಾಯಿಂದಲೇ ಹಿಂದಿರುಗಿ ಹೊರಗೆ ಹೋಗಿಬಿಡುತ್ತದೆ. ಅದಕ್ಕೊಂದು ಮುಚ್ಚುರೆಕ್ಕೆ ಇಲ್ಲದಿದ್ದರೆ ಜೋಡಿಯ ಭದ್ರತೆ ಹೆಸರಿಗೆ ಮಾತ್ರ.

ಸಮುದ್ರದ ಗಾಳಿಯೂ ಈ ಲೆಕ್ಕದಲ್ಲಿ ಪಾಲು ಕೇಳುತ್ತದೆ. ಸೆಕೆಂಡಿಗೆ ಐದು ಮೀಟರು ವೇಗದ ಸಾಧಾರಣ ಕಡಲ ಗಾಳಿ ಎದುರಿಗೆ ಬಡಿದರೆ ಹುಟ್ಟುವ ಒತ್ತಡ ಸುಮಾರು ೧೪ ಪ್ಯಾಸ್ಕಲ್. ವೇಗ ಹತ್ತು ಮೀಟರಾದರೆ ೫೭. ಚಿಕ್ಕ ಫ್ಯಾನೊಂದರ ಪರಮಾವಧಿ ಒತ್ತಡವೂ ಸುಮಾರು ಅಷ್ಟೇ. ಗಾಳಿಯನ್ನು ಹೊರಗೆ ಬಿಡುವ ಬಾಯಿ ಪೂರ್ವಕ್ಕೆ ಇದ್ದರೆ, ಬಿರುಸು ಗಾಳಿಯ ದಿನ ಫ್ಯಾನು ಒಂದು ಕಡೆಯಿಂದ ತಳ್ಳುವುದನ್ನು ಸಮುದ್ರ ಇನ್ನೊಂದು ಕಡೆಯಿಂದ ತಡೆಯುತ್ತದೆ. ೨೦೧೬ರ ಡಿಸೆಂಬರ್ ೧೨ರಂದು ಚೆನ್ನೈಯನ್ನು ಹಾಯ್ದ ವರ್ದಾ ಚಂಡಮಾರುತದಲ್ಲಿ ಗಾಳಿಯ ವೇಗ ಗಂಟೆಗೆ ನೂರು ಕಿಲೋಮೀಟರನ್ನು ಮೀರಿತ್ತು. ಆ ವೇಗಕ್ಕೆ ಒತ್ತಡ ನಾನೂರು ಪ್ಯಾಸ್ಕಲಿಗೂ ಹೆಚ್ಚು. ಅದರ ಮುಂದೆ ಯಾವ ಪೆಟ್ಟಿಗೆಯ ಫ್ಯಾನೂ ನಿಲ್ಲಲಾರದು. ನೀರು ಒಳನುಗ್ಗದಂತೆ ಮೇಲುಮುಚ್ಚಳವೂ ಅಡ್ಡತಡಿಕೆಯೂ ಇದ್ದರೆ ಅದೇ ದೊಡ್ಡದು. ಬಾಯಿಗಳನ್ನು ಪಶ್ಚಿಮಕ್ಕೋ ಉತ್ತರದಕ್ಷಿಣಗಳಿಗೋ ತಿರುಗಿಸುವುದರಿಂದ ಈ ತೊಂದರೆ ತಗ್ಗುತ್ತದೆ. ಕಡಲಿನಿಂದ ನೇರವಾಗಿ ಬರುವ ಉಪ್ಪಿನ ಹನಿಗಳೂ ಸ್ವಲ್ಪಮಟ್ಟಿಗೆ ತಪ್ಪುತ್ತವೆ.

ಗಾಳಿಯನ್ನು ಒಳಗೆ ತಳ್ಳುವ ಫ್ಯಾನೋ ಹೊರಗೆ ಸೆಳೆಯುವ ಫ್ಯಾನೋ ಎಂಬ ಚರ್ಚೆಗೆ ಇಲ್ಲಿ ಹೆಚ್ಚು ಅವಕಾಶವಿಲ್ಲ. ಸೆಳೆಯುವ ಫ್ಯಾನು ಪೆಟ್ಟಿಗೆಯೊಳಗೆ ಒತ್ತಡವನ್ನು ತಗ್ಗಿಸುವುದರಿಂದ, ಬಾಗಿಲಿನ ಸಂದು, ತಂತಿ ಹಾಯ್ದ ತೂತು ಎಲ್ಲೆಲ್ಲಿಂದಲೂ ಸೋಸದ ಗಾಳಿ ಒಳಗೆ ನುಗ್ಗುತ್ತದೆ. ಬಿಸಿಗಾಳಿಯಲ್ಲಿ ನಿಂತು ಅದರ ಬೇರಿಂಗೂ ಬೇಗ ಒಣಗುತ್ತದೆ. ತಳ್ಳುವ ಫ್ಯಾನಾದರೆ ಒಳಗೆ ಒತ್ತಡ ಸ್ವಲ್ಪ ಹೆಚ್ಚಿ, ಸಂದುಗಳಿಂದ ಗಾಳಿ ಹೊರಕ್ಕೇ ಹೋಗುತ್ತದೆ. ಒಳಬರುವುದೆಲ್ಲವೂ ಫಿಲ್ಟರನ್ನು ದಾಟಿಯೇ ಬರಬೇಕು. ಉಪ್ಪುನಾಡಿನಲ್ಲಿ ತಳ್ಳುವುದೇ ಸರಿ. ಒಂದೇ ತೊಡಕೆಂದರೆ ಅದರ ಸ್ಥಾನ. ಬಿಸಿಗಾಳಿ ಮೇಲೇರುವುದರಿಂದ ಒಳಬಾಯಿಯನ್ನು ಕೆಳಗೆ, ಹೊರಬಾಯಿಯನ್ನು ಮೇಲೆ ಇಡುವುದು ಪದ್ಧತಿ. ೨೦೧೫ರ ಡಿಸೆಂಬರಿನ ನೆರೆಯನ್ನೂ ೨೦೨೩ರ ಡಿಸೆಂಬರಿನಲ್ಲಿ ಮಿಚೌಂಗ್ ಚಂಡಮಾರುತ ತಂದ ನೀರನ್ನೂ ಕಂಡ ಊರಿನಲ್ಲಿ ನೆಲಕ್ಕೆ ಗೇಣುದ್ದದ ಮೇಲೆ ಫ್ಯಾನನ್ನು ಕೂರಿಸುವುದು ಅವಿವೇಕ. ಕಪಾಟನ್ನೇ ಎತ್ತರದ ಕಟ್ಟೆಯ ಮೇಲೆ ನಿಲ್ಲಿಸಬೇಕು. ೨೦೧೫ರಲ್ಲಿ ಹಲವೆಡೆ ದೂರವಾಣಿ ಸಂಪರ್ಕ ಕಡಿದು, ಊರಿನಲ್ಲಿದ್ದ ತಂದೆತಾಯಿಗಳು ಚೆನ್ನೈಯಲ್ಲಿದ್ದ ಮಕ್ಕಳ ಸುದ್ದಿ ತಿಳಿಯದೆ ಕಳವಳಪಟ್ಟರು. ಆ ಸಂದರ್ಭದಲ್ಲಿ ನೀರೂ ವಿದ್ಯುತ್ತಿನ ನಿಲುಗಡೆಯೂ ಕಾರಣವೇ ಹೊರತು ಫ್ಯಾನಲ್ಲ. ಆದರೂ ಬೀದಿಯ ಬದಿಯ ಒಂದು ತಗಡಿನ ಪೆಟ್ಟಿಗೆಯ ಮೇಲೆ ಎಷ್ಟು ಮನೆಗಳ ನೆಮ್ಮದಿ ನಿಂತಿದೆಯೆಂಬುದು ಆಗ ತಿಳಿದುಬಂತು.

ಈಗ ಉಪ್ಪಿನ ವಿಚಾರಕ್ಕೆ ಬರಬಹುದು. ಇದೇ ಈ ವಿಷಯದ ತಿರುಳು. ಗಂಟೆಗೆ ೯೫ ಘನಮೀಟರಿನಂತೆ ಫ್ಯಾನು ವರ್ಷವಿಡೀ ತಿರುಗಿದರೆ ಪೆಟ್ಟಿಗೆಯೊಳಗೆ ಹಾಯ್ದು ಹೋಗುವ ಗಾಳಿ ಎಂಟು ಲಕ್ಷ ಘನಮೀಟರನ್ನು ಮೀರುತ್ತದೆ. ಲೆಕ್ಕಕ್ಕೆಂದು ಒಂದು ಘನಮೀಟರಿನಲ್ಲಿ ಹತ್ತು ಮೈಕ್ರೋಗ್ರಾಂ ಉಪ್ಪಿದೆಯೆಂದು ಹಿಡಿದರೂ ವರ್ಷಕ್ಕೆ ಎಂಟು ಗ್ರಾಂಗಿಂತ ಹೆಚ್ಚು ಉಪ್ಪು ಆ ದಾರಿಯಲ್ಲಿ ಸಾಗುತ್ತದೆ. ಅದರಲ್ಲಿ ಒಂದು ಪಾಲನ್ನು ಫಿಲ್ಟರು ಹಿಡಿಯುತ್ತದೆ, ಒಂದು ಪಾಲು ಹಾಗೆಯೇ ಹೊರಟುಹೋಗುತ್ತದೆ, ಉಳಿದದ್ದು ತಾಮ್ರದ ಗೆರೆಗಳ ಮೇಲೂ ಬೆಸುಗೆಯ ಕಾಲುಗಳ ಮೇಲೂ ಕೂರುತ್ತದೆ. ಒಣಗಿರುವ ಉಪ್ಪು ಬಹುಮಟ್ಟಿಗೆ ನಿರಪಾಯಕಾರಿ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿಯಲ್ಲಿ ನೀರೂರುವುದನ್ನು ಕಾಣದವರಿಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ ೭೫ನ್ನು ಮುಟ್ಟಿದಾಗ ಶುದ್ಧವಾದ ಅಡುಗೆ ಉಪ್ಪು ಗಾಳಿಯ ತೇವವನ್ನು ಹೀರಿ ತಾನೇ ದ್ರವವಾಗುತ್ತದೆ. ಸಮುದ್ರದ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಮ್ ಕ್ಲೋರೈಡ್ ಅದಕ್ಕಿಂತಲೂ ಬಹಳ ಕೆಳಗೇ ನೀರೆಳೆಯಲಾರಂಭಿಸುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ಗಾದೆ ರಸಾಯನಶಾಸ್ತ್ರದಲ್ಲಿಯೂ ನಿಜ. ಹೀಗೆ ಹುಟ್ಟಿದ ಉಪ್ಪುನೀರಿನ ತೆಳುಪೊರೆ ವಿದ್ಯುತ್ತನ್ನು ಹರಿಯಗೊಡುತ್ತದೆ, ತಾಮ್ರವನ್ನು ಹಸಿರುಗಟ್ಟಿಸುತ್ತದೆ, ಕೊನೆಗೆ ಗೆರೆಯನ್ನೇ ಕಡಿದುಹಾಕುತ್ತದೆ.

ಐಪ್ಪಸಿ ಕಾರ್ತಿಕೈ ತಿಂಗಳ ಈಶಾನ್ಯ ಮಾರುತದ ಒಂದು ರಾತ್ರಿಯನ್ನು ನೆನೆದುಕೊಂಡರೆ ಸಂಗತಿ ಸ್ಪಷ್ಟವಾಗುತ್ತದೆ. ಹೊರಗೆ ೨೫ ಡಿಗ್ರಿ, ಆರ್ದ್ರತೆ ನೂರಕ್ಕೆ ೯೦. ಇದೇ ಗಾಳಿ ಪೆಟ್ಟಿಗೆಯೊಳಗೆ ಬಂದು ಮೂರು ಡಿಗ್ರಿ ಬೆಚ್ಚಗಾದರೆ ಅದರ ಸಾಪೇಕ್ಷ ಆರ್ದ್ರತೆ ೭೫ಕ್ಕೆ ಇಳಿಯುತ್ತದೆ, ಅಂದರೆ ಉಪ್ಪು ಕರಗುವ ಅಂಚಿನಲ್ಲಿಯೇ ನಿಲ್ಲುತ್ತದೆ. ಎಂಟು ಡಿಗ್ರಿ ಬೆಚ್ಚಗಾದರೆ ೫೭ಕ್ಕೆ ಇಳಿಯುತ್ತದೆ. ಗಾಳಿಯಲ್ಲಿರುವ ನೀರಿನ ತೂಕ ಬದಲಾಗಿಲ್ಲ. ಬಿಸಿಯಾದ ಗಾಳಿಗೆ ನೀರನ್ನು ಹಿಡಿದಿಡುವ ಶಕ್ತಿ ಹೆಚ್ಚಿತು, ಅಷ್ಟೆ. ರಾತ್ರಿ ಉಪಕರಣದ ಕೆಲಸ ತಗ್ಗಿ ಶಾಖ ಕಡಮೆಯಾದಾಗಲೂ ಫ್ಯಾನು ಪೂರ್ಣ ವೇಗದಲ್ಲಿ ಊದುತ್ತಲೇ ಇದ್ದರೆ, ಅದು ಪೆಟ್ಟಿಗೆಯನ್ನು ಹೊರಗಿನ ತೇವದ ಮಟ್ಟಕ್ಕೆ ತಂದು ನಿಲ್ಲಿಸುತ್ತದೆ. ಯಂತ್ರಕ್ಕೆ ಬೇಡದ ತಂಪನ್ನು ಕೊಡಲು ಹೋಗಿ, ಬೇಡದ ನೀರನ್ನು ಕೊಡುತ್ತದೆ.

ಶಾಖದ ಹಾನಿಯನ್ನು ಹಗುರವಾಗಿ ಎಣಿಸುವುದೂ ತಪ್ಪು. ವಿದ್ಯುತ್ ಸರಬರಾಜಿನ ಹಲಗೆಯಲ್ಲಿರುವ ಎಲೆಕ್ಟ್ರೊಲೈಟಿಕ್ ಕೆಪಾಸಿಟರುಗಳ ಆಯುಸ್ಸು ಪ್ರತಿ ಹತ್ತು ಡಿಗ್ರಿಗೆ ಅರ್ಧವಾಗುತ್ತದೆಂಬುದು ಬಳಕೆಯಲ್ಲಿರುವ ನಿಯಮ. ೧೦೫ ಡಿಗ್ರಿಯಲ್ಲಿ ೨೦೦೦ ಗಂಟೆಗಳೆಂದು ಗುರುತಿಸಿದ ಕೆಪಾಸಿಟರು ೬೫ ಡಿಗ್ರಿಯಲ್ಲಿ ೩೨,೦೦೦ ಗಂಟೆ, ಎಂದರೆ ಮೂರೂವರೆ ವರ್ಷಕ್ಕಿಂತ ಸ್ವಲ್ಪ ಹೆಚ್ಚು, ಬಾಳುತ್ತದೆ. ೫೫ರಲ್ಲಿ ೬೪,೦೦೦ ಗಂಟೆ, ಎಂದರೆ ಏಳು ವರ್ಷಗಳಿಗೂ ಮೀರಿ. ಇಲ್ಲಿ ಎರಡು ಹಿತಗಳು ಪರಸ್ಪರ ಎದುರಾಗಿವೆ: ಕೆಪಾಸಿಟರಿಗೆ ತಂಪು ಬೇಕು, ತಾಮ್ರದ ಗೆರೆಗೆ ಬೆಚ್ಚಗಿನ ಒಣಹವೆ ಬೇಕು. ಕಡಲಿನಿಂದ ದೂರವಿರುವ ಒಣನಾಡಿನಲ್ಲಿ ಕೆಪಾಸಿಟರಿನ ಮಾತೇ ಗೆಲ್ಲಬೇಕು. ಕಡಲಿನ ಬಳಿಯಲ್ಲಿ, ಒಳಗಿನ ಉಷ್ಣತೆ ೪೫ ಡಿಗ್ರಿಯ ಕೆಳಗಿರುವ ತನಕ, ತಾಮ್ರದ ಮಾತಿಗೆ ಹೆಚ್ಚು ಬೆಲೆ ಕೊಡುವುದು ಯುಕ್ತ. ಅದಕ್ಕಿಂತ ಮೇಲೆ ಏರಿದಾಗ ಕೆಪಾಸಿಟರಿನದು. ಫ್ಯಾನಿನ ನಿಯಂತ್ರಣವೆಂದರೆ ಈ ನ್ಯಾಯತೀರ್ಮಾನವನ್ನು ಗಂಟೆಗಂಟೆಗೂ ನಡೆಸುವ ಏರ್ಪಾಡು.

ನಿಯಂತ್ರಣದ ಲಾಭಕ್ಕೆ ಭೌತಶಾಸ್ತ್ರದ ನಿಯಮವೊಂದು ಬೆಂಬಲವಾಗಿದೆ. ಫ್ಯಾನು ಸಾಗಿಸುವ ಗಾಳಿ ಅದರ ವೇಗಕ್ಕೂ, ಒತ್ತಡವು ವೇಗದ ವರ್ಗಕ್ಕೂ, ನುಂಗುವ ವಿದ್ಯುತ್ತು ವೇಗದ ಘನಕ್ಕೂ ಅನುಗುಣವಾಗಿರುತ್ತದೆ. ವೇಗವನ್ನು ಅರ್ಧ ಮಾಡಿದರೆ ಗಾಳಿ ಅರ್ಧವಾಗುತ್ತದೆ, ವಿದ್ಯುತ್ತು ಎಂಟನೆಯ ಒಂದು ಪಾಲಾಗುತ್ತದೆ, ಸದ್ದು ಹದಿನೈದು ಡೆಸಿಬೆಲ್‌ನಷ್ಟು ತಗ್ಗುತ್ತದೆ. ರಾತ್ರಿ ಹೊರಗೆ ೨೮ ಡಿಗ್ರಿಯಿದ್ದು ಒಳಗೆ ೪೫ರವರೆಗೆ ಬಿಡಬಹುದಾದರೆ, ಹದಿನೇಳು ಡಿಗ್ರಿಯ ಏರಿಕೆಗೆ ಗಂಟೆಗೆ ೫೬ ಘನಮೀಟರು ಸಾಕು. ವೇಗ ನೂರಕ್ಕೆ ೫೯, ವಿದ್ಯುತ್ತು ಐದನೆಯ ಒಂದು ಪಾಲು. ಉಪ್ಪಿನ ಆಮದೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ವಿದ್ಯುತ್ ಉಳಿತಾಯವನ್ನು ಮಾತ್ರ ಕಂಡು, ಹತ್ತು ವಾಟಿನ ಫ್ಯಾನಿಗೆ ಇಷ್ಟೆಲ್ಲ ಯಾಕೆಂದು ಕೇಳುವವರು ಈ ಕೊನೆಯ ಅಂಶವನ್ನು ಮರೆಯುತ್ತಾರೆ.

ವೇಗವನ್ನು ಬದಲಿಸುವ ವಿಧಾನಗಳಲ್ಲಿ ಇಂದು ಪ್ರಚುರವಾಗಿರುವುದು ನಾಲ್ಕು ತಂತಿಯ ನೇರವಿದ್ಯುತ್ ಫ್ಯಾನು. ಎರಡು ತಂತಿಗಳು ವಿದ್ಯುತ್ತಿಗೆ. ಮೂರನೆಯದು ಪ್ರತಿ ಸುತ್ತಿಗೆ ಸಾಮಾನ್ಯವಾಗಿ ಎರಡು ಮಿಡಿತಗಳನ್ನು ಕಳುಹಿಸಿ ತನ್ನ ವೇಗವನ್ನು ವರದಿ ಮಾಡುತ್ತದೆ. ನಾಲ್ಕನೆಯದರ ಮೇಲೆ ನಿಯಂತ್ರಕವು ಸೆಕೆಂಡಿಗೆ ಸುಮಾರು ೨೫,೦೦೦ ಸಲ ಮಿಡಿಯುವ ಸಂಕೇತವನ್ನು ಕಳುಹಿಸುತ್ತದೆ. ಒಂದೊಂದು ಮಿಡಿತದ ಅಗಲ ಹೆಚ್ಚಿದಂತೆ ವೇಗ ಹೆಚ್ಚು. ಮಿಡಿತಗಳು ಕಿವಿಗೆ ಕೇಳಿಸದಷ್ಟು ತ್ವರಿತವಾದುದರಿಂದ ಗುಂಯ್‌ಗುಡುವ ಸದ್ದಿಲ್ಲ. ಎರಡೇ ತಂತಿಯ ಹಳೆಯ ಫ್ಯಾನಿಗೆ ವೋಲ್ಟೇಜನ್ನೇ ತಗ್ಗಿಸಬೇಕು. ಆದರೆ ಹನ್ನೆರಡು ವೋಲ್ಟಿನ ಫ್ಯಾನು ತಿರುಗುತ್ತಿರುವಾಗ ಕಡಮೆ ವೋಲ್ಟೇಜಿನಲ್ಲಿಯೂ ತಿರುಗುತ್ತಲೇ ಇದ್ದು, ನಿಂತ ಮೇಲೆ ಅದೇ ವೋಲ್ಟೇಜಿನಲ್ಲಿ ಮತ್ತೆ ಹೊರಡದೆ ಇರುವುದುಂಟು. ಹೊರಡಿಸುವಾಗ ಒಂದೆರಡು ಸೆಕೆಂಡು ಪೂರ್ಣ ವೋಲ್ಟೇಜನ್ನು ಕೊಟ್ಟು ಅನಂತರ ಇಳಿಸುವುದು ಇದಕ್ಕೆ ಪರಿಹಾರ. ೨೩೦ ವೋಲ್ಟಿನ ಪರ್ಯಾಯವಿದ್ಯುತ್ ಫ್ಯಾನನ್ನು ಮನೆಯ ರೆಗ್ಯುಲೇಟರಿನಂತಹ ಸಾಧನದಿಂದ ನಿಧಾನಿಸುವುದು ಅಷ್ಟು ಹಿತಕರವಲ್ಲ. ಅದರ ತಿರುಗುಬಲವು ವೋಲ್ಟೇಜಿನ ವರ್ಗದಂತೆ ಕುಸಿಯುವುದರಿಂದ ವೇಗ ನಂಬಿಕೆಗೆ ಅರ್ಹವಾಗಿರುವುದಿಲ್ಲ.

ಉಷ್ಣತೆಯನ್ನು ಅಳೆಯುವ ಥರ್ಮಿಸ್ಟರನ್ನು ಎಲ್ಲಿಡಬೇಕೆಂಬುದು ಕ್ಷುಲ್ಲಕವೆಂದು ತೋರಿದರೂ ಇಡೀ ಏರ್ಪಾಡಿನ ಫಲ ಅದರ ಮೇಲೆ ನಿಂತಿದೆ. ಒಳಬಾಯಿಯ ಬಳಿ ಇಟ್ಟರೆ ಅದು ಊರಿನ ಹವೆಯನ್ನು ಹೇಳುತ್ತದೆಯೇ ಹೊರತು ಯಂತ್ರದ ಸ್ಥಿತಿಯನ್ನಲ್ಲ. ಹೊರಬಾಯಿಯ ಬಿಸಿಗಾಳಿಯಲ್ಲಿಯೋ ಅತ್ಯಂತ ಬಿಸಿಯಾಗುವ ಭಾಗದ ಪಕ್ಕದಲ್ಲಿಯೋ ಅದಿರಬೇಕು. ೪೦ ಡಿಗ್ರಿಯವರೆಗೆ ಅತಿ ಕಡಮೆ ವೇಗ, ಅಲ್ಲಿಂದ ೫೫ರವರೆಗೆ ಸಮವಾಗಿ ಏರುತ್ತ ಹೋಗಿ ಪೂರ್ಣ ವೇಗ, ಎಂಬ ಸರಳ ನಿಯಮವೇ ಹೆಚ್ಚಿನ ಕಪಾಟುಗಳಿಗೆ ಸಾಕು. ಪೆಟ್ಟಿಗೆಯ ಲೋಹವೂ ಹಲಗೆಗಳೂ ಬಿಸಿಯಾಗಲು ನಿಮಿಷಗಳು ಬೇಕು. ನಿಯಂತ್ರಕವು ಸೆಕೆಂಡು ಸೆಕೆಂಡಿಗೂ ಆತುರಪಟ್ಟರೆ ಫ್ಯಾನು ಏರಿಳಿಯುತ್ತ ಜೋಕಾಲಿಯಾಡುತ್ತದೆ. ಬರಿಯ ನಡೆ-ನಿಲ್ಲು ಏರ್ಪಾಡಾದರೆ, ನಡೆಯುವ ಉಷ್ಣತೆಗೂ ನಿಲ್ಲುವ ಉಷ್ಣತೆಗೂ ಕೆಲವು ಡಿಗ್ರಿ ಅಂತರವಿಡಬೇಕು. ಥರ್ಮಿಸ್ಟರಿನ ತಂತಿ ಕಡಿದುಹೋದರೆ ಫ್ಯಾನು ನಿಲ್ಲಬಾರದು, ಪೂರ್ಣ ವೇಗಕ್ಕೆ ಏರಬೇಕು. ಅಗ್ಗದ ನಿಯಂತ್ರಕಗಳಲ್ಲಿ ಹಲವು ಇದಕ್ಕೆ ವಿರುದ್ಧವಾಗಿ ನಡೆದುಕೊಳ್ಳುವುದರಿಂದ ಕೊಳ್ಳುವ ಮುನ್ನ ತಂತಿಯನ್ನು ಬಿಚ್ಚಿ ನೋಡುವುದು ಉಚಿತ.

ಇಷ್ಟಾದರೂ ಕಡಲಂಚಿನಲ್ಲಿ ಅತ್ಯುತ್ತಮ ಮಾರ್ಗ ಬೇರೊಂದಿದೆ. ಪೆಟ್ಟಿಗೆಯನ್ನು ಪೂರ್ತಿ ಮುಚ್ಚಿ, ಗಾಳಿಯಿಂದ ಗಾಳಿಗೆ ಶಾಖವನ್ನು ದಾಟಿಸುವ ವಿನಿಮಯಕವನ್ನು ಬಾಗಿಲಿಗೆ ಜೋಡಿಸಿದರೆ, ಒಳಗಿನ ಫ್ಯಾನು ಒಳಗಿನ ಗಾಳಿಯನ್ನೇ ಸುತ್ತಿಸುತ್ತದೆ, ಹೊರಗಿನ ಫ್ಯಾನು ಲೋಹದ ರೆಕ್ಕೆಗಳ ಹೊರಮೈಯನ್ನು ಮಾತ್ರ ತೊಳೆಯುತ್ತದೆ. ಉಪ್ಪುಗಾಳಿಗೂ ಯಂತ್ರಕ್ಕೂ ಮುಖಾಮುಖಿಯೇ ಇಲ್ಲ. ಬೆಲೆ ಹಲವು ಪಟ್ಟು ಹೆಚ್ಚು, ಉಷ್ಣತೆಯ ಏರಿಕೆಯೂ ಹೆಚ್ಚು. ಒಳಗಿನ ಉಪಕರಣ ೬೫ ಡಿಗ್ರಿಯನ್ನು ತಾಳುವಂಥದಾದರೆ ಮಾತ್ರ ಅದು ಸುಖಕರ. ಪೆಟ್ಟಿಗೆಗೆ ಚಿಕ್ಕ ಹವಾನಿಯಂತ್ರಕವನ್ನು ಜೋಡಿಸುವುದೂ ಉಂಟು. ಅದು ಬಾಗಿಲು ತೆರೆದಾಗ ಒಳಗೆ ಬೆವರಿಳಿಸುವ ಅಭ್ಯಾಸವುಳ್ಳದ್ದು.

ಕಟ್ಟಡದೊಳಗಿನ ಗಣಕಶಾಲೆಗಳ ವಿಷಯ ಸಂಕ್ಷೇಪವಾಗಿ ಹೇಳಿದರೆ ಸಾಕು. ಅಲ್ಲಿ ಒಳಬರುವ ಗಾಳಿ ೧೮ರಿಂದ ೨೭ ಡಿಗ್ರಿಯ ನಡುವೆ ಇರಲೆಂದು ಅಮೆರಿಕದ ಆಶ್ರೇ ಸಂಘವು ಶಿಫಾರಸು ಮಾಡಿದೆ. ಹವಾನಿಯಂತ್ರಣದ ಖರ್ಚನ್ನು ಉಳಿಸಲು ಕೋಣೆಯನ್ನು ಬೆಚ್ಚಗಿಟ್ಟರೆ ಪ್ರತಿಯೊಂದು ಗಣಕದ ಫ್ಯಾನುಗಳೂ ವೇಗವನ್ನು ಹೆಚ್ಚಿಸಿಕೊಳ್ಳುತ್ತವೆ. ಘನದ ನಿಯಮ ಆಗ ವಿ��ುದ್ಧ ದಿಕ್ಕಿನಲ್ಲಿ ದುಡಿಯುತ್ತದೆ: ವೇಗ ಕಾಲುಭಾಗ ಹೆಚ್ಚಿದರೆ ಫ್ಯಾನಿನ ವಿದ್ಯುತ್ತು ಸುಮಾರು ಇಮ್ಮಡಿಯಾಗುತ್ತದೆ. ಒಂದು ಕಡೆ ಉಳಿದ ಹಣ ಇನ್ನೊಂದು ಕಡೆ ಸೋರಿಹೋಗುತ್ತದೆ.

ಬೀದಿಯ ಕಪಾಟಿಗೆ ಮರಳಿದರೆ, ಉಳಿದಿರುವುದು ಫ್ಯಾನಿನ ಆಯುಸ್ಸಿನ ಮಾತು. ಒಳ್ಳೆಯ ಗುಂಡು ಬೇರಿಂಗಿನ ಫ್ಯಾನಿಗೆ ೪೦ ಡಿಗ್ರಿಯಲ್ಲಿ ೬೦,೦೦೦ ಗಂಟೆ ಎಂದು ಬರೆದಿರುವುದನ್ನು ಕಾಣಬಹುದು. ಆ ಗಂಟೆಗಳು ಮುಗಿಯುವ ವೇಳೆಗೆ ನೂರು ಫ್ಯಾನುಗಳಲ್ಲಿ ಹತ್ತು ಕೆಟ್ಟಿರುತ್ತವೆ ಎಂಬುದೇ ಸಾಮಾನ್ಯವಾಗಿ ಅದರ ಅರ್ಥ. ಎಲ್ಲವೂ ಅಲ್ಲಿಯವರೆಗೆ ಬಾಳುತ್ತವೆಂದಲ್ಲ. ಉಪ್ಪು ತೇವಗಳ ನಡುವೆ ಅದಕ್ಕಿಂತ ಮೊದಲೇ ಫ್ಯಾನು ತನ್ನ ಸಂಕಟವನ್ನು ತೋರಿಸುತ್ತದೆ. ಒಂದೇ ಸಂಕೇತಕ್ಕೆ ಕಳೆದ ವರ್ಷ ನಿಮಿಷಕ್ಕೆ ೨೫೦೦ ಸುತ್ತು ತಿರುಗುತ್ತಿದ್ದ ಫ್ಯಾನು ಈಗ ೨೨೦೦ ತಿರುಗುತ್ತಿದ್ದರೆ ಬೇರಿಂಗು ಬಿಗಿಯುತ್ತಿದೆ ಎಂದು ತಿಳಿಯಬೇಕು. ವೇಗ ಕುಗ್ಗದೆ ಹೊರಬಾಯಿಯ ಉಷ್ಣತೆ ಮಾತ್ರ ವಾರದಿಂದ ವಾರಕ್ಕೆ ಏರುತ್ತಿದ್ದರೆ ಫಿಲ್ಟರು ತುಂಬಿದೆ. ಮೂರನೆಯ ತಂತಿಯ ವರದಿಯನ್ನೂ ಥರ್ಮಿಸ್ಟರಿನ ಅಂಕಿಯನ್ನೂ ದೂರದ ಕಚೇರಿಗೆ ಕಳುಹಿಸುವ ಏರ್ಪಾಡು ದೂರವಾಣಿಯ ಕಪಾಟಿನಲ್ಲಿ ಹೇಗೂ ಇರುತ್ತದೆ. ಫಿಲ್ಟರನ್ನು ಪಂಚಾಂಗ ನೋಡಿ ಬದಲಿಸುವುದಕ್ಕಿಂತ ಈ ಎರಡು ಅಂಕಿಗಳನ್ನು ನೋಡಿ ಬದಲಿಸುವುದು ಮೇಲು. ಪಂಚಾಂಗವೇ ಬೇಕೆನ್ನುವುದಾದರೆ ಚಿತ್ತಿರೈಯ ಬಿಸಿಲು ಬಲಿಯುವ ಮೊದಲು ಒಮ್ಮೆ, ಐಪ್ಪಸಿಯ ಮಳೆ ಇಳಿಯುವ ಮೊದಲು ಇನ್ನೊಮ್ಮೆ.